ಇಳಿಯದ ಐಡ್ಲಿಂಗ್: ಗಾಳಿ ಎಲ್ಲಿಂದ ಬರುತ್ತಿದೆ?

ಹಳೆಯ ಕಾರು ಇಟ್ಟುಕೊಂಡವರ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಯಿತು.

ನಮಸ್ಕಾರ. ಮೊದಲು ಒಂದು ತಲೆ ಎಣಿಕೆ ಮಾಡೋಣ. ಪೆಡಲ್ ಮೇಲಿಂದ ಕಾಲು ತೆಗೆದರೂ ಇಂಜಿನ್ ರೇಸ್ ಆಗುತ್ತಲೇ ಇರುವ ಕಾರು ಯಾರ್ಯಾರ ಹತ್ತಿರ ಇದೆ? ಕೈ ಎತ್ತಿ. ಸರಿ, ಅರ್ಧ ಸಭೆ. ಅವರಲ್ಲಿ ಐಡ್ಲಿಂಗ್ ಸ್ಕ್ರೂ, ಅಂದರೆ ಪೆಡಲ್ ಒತ್ತದಾಗ ಇಂಜಿನ್ ಎಷ್ಟು ಓಡಬೇಕು ಅಂತ ಹೊಂದಿಸುವ ಸ್ಕ್ರೂ, ತಿರುಗಿಸಿ ನೋಡದವರು ಈಗ ಕೈ ಇಳಿಸಿ. ಯಾರೂ ಇಳಿಸಲಿಲ್ಲ. ನನ್ನ ಕೈಯೂ ಮೇಲೇ ಇದೆ, ನೋಡಿ.

ನಾನು ಮೆಕ್ಯಾನಿಕ್ ಅಲ್ಲ. 1970ರ ದಶಕದ ಒಂದು ಬ್ರಿಟಿಷ್ ಕಾರು ಇಟ್ಟುಕೊಂಡಿದ್ದೇನೆ. 1.8 ಲೀಟರ್, ನಾಲ್ಕು ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸಲು ಎಸ್‌ಯು ಅನ್ನುವ ಕಂಪನಿಯ ಎರಡು ಕಾರ್ಬುರೇಟರ್. ಅದು ಒಮ್ಮೆ 1400 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 1400 ಸುತ್ತಿಗೆ, ಹತ್ತಿ ಕೂತಿತು. ಸ್ಕ್ರೂ ಸ್ವಲ್ಪ ಇಳಿಸಿದರೆ ಇಂಜಿನ್ ನಿಂತೇ ಹೋಗುತ್ತಿತ್ತು. ಸ್ವಲ್ಪ ಏರಿಸಿದರೆ ಮತ್ತೆ 1400. ನಡುವೆ ಏನೂ ಇಲ್ಲ. ಒಂದು ಗ್ಯಾರೇಜಿಗೆ ಒಯ್ದೆ. ‘ಕಾರ್ಬುರೇಟರ್ ಸವೆದಿದೆ ಸಾರ್, ಎರಡನ್ನೂ ಬಿಚ್ಚಿ ಹೊಸ ಸಾಮಾನು ಹಾಕಬೇಕು’ ಅಂದರು. ಹಾಕಿಸಿದೆ. ಕಾರ್ಬುರೇಟರ್ ಫಳಫಳ ಹೊಳೆಯಿತು. ಐಡ್ಲಿಂಗ್ ಮಾತ್ರ ಅದೇ 1400. ಕಾರಣ ಏನಿತ್ತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಬೇರೆಲ್ಲ ಬಿಟ್ಟು ಅದೊಂದನ್ನೇ ನೋಡುತ್ತೀರಿ.

ಮೊದಲ ಅನುಮಾನ ಆರ್‌ಪಿಎಂ ತೋರಿಸುವ ಮೀಟರ್ ಮೇಲೆ ಇರಲಿ. ಐವತ್ತು ವರ್ಷದ ಮುಳ್ಳು ಹೇಳಿದ್ದೆಲ್ಲ ನಿಜವಲ್ಲ. ಈ ಮೀಟರ್‌ಗಳಲ್ಲಿ ಬಹಳಷ್ಟು ಕಿಡಿ ಎಣಿಸಿ ಲೆಕ್ಕ ಹೇಳುತ್ತವೆ. ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ಕಿಡಿ, ಆರು ಸಿಲಿಂಡರ್‌ನಲ್ಲಿ ಮೂರು. ನಾಲ್ಕು ಸಿಲಿಂಡರ್‌ಗೆ ಮಾಡಿದ ಮೀಟರನ್ನು ಆರು ಸಿಲಿಂಡರ್ ಕಾರಿಗೆ ಹಾಕಿದರೆ 800 ಇದ್ದದ್ದು 1200 ಅಂತ ಕಾಣುತ್ತದೆ. ಕಾರು ಪಾಪ ಸರಿಯಾಗೇ ಇರುತ್ತದೆ. ಬೇರೆ ಮೀಟರ್ ಒಂದನ್ನು ಸಾಲ ತಂದು ಹೋಲಿಸಿ. ಹಳೆಯ ನಾಲ್ಕು ಸಿಲಿಂಡರ್ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 700ರಿಂದ 900ರ ಒಳಗೆ ನಿಲ್ಲಬೇಕು. ನಿಮ್ಮ ಕಾರಿನ ನಿಖರ ಅಂಕಿ ಅದರ ಸರ್ವೀಸ್ ಪುಸ್ತಕದಲ್ಲಿ ಇರುತ್ತದೆ. ತಣ್ಣಗಿನ ಇಂಜಿನ್ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ.

ಮೀಟರ್ ಸರಿ ಇದೆ, ಇಂಜಿನ್ ನಿಜಕ್ಕೂ ಜಾಸ್ತಿ ಓಡುತ್ತಿದೆ ಅಂತಿಟ್ಟುಕೊಳ್ಳಿ. ಈಗ ಸ್ವಲ್ಪ ಲೆಕ್ಕ ಮಾಡೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

1.8 ಲೀಟರ್ ಇಂಜಿನ್ ಎರಡು ಸುತ್ತಿಗೆ 1.8 ಲೀಟರ್ ಗಾಳಿ ಎಳೆಯಬಲ್ಲದು. 800 ಆರ್‌ಪಿಎಂನಲ್ಲಿ ಹೊಟ್ಟೆ ತುಂಬ ಎಳೆದರೆ ನಿಮಿಷಕ್ಕೆ 720 ಲೀಟರ್. ಆದರೆ ಐಡ್ಲಿಂಗ್‌ನಲ್ಲಿ ನಾವು ಅದರ ಮೂಗು ಹಿಡಿದಿರುತ್ತೇವೆ. ಹಾಗಾಗಿ ಸಿಗುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಅಂದರೆ 240 ಲೀಟರ್ ಆಸುಪಾಸು. ಕಾರ್ಬುರೇಟರ್‌ನಿಂದ ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಕೊಳವೆ, ಅಂದರೆ ಮ್ಯಾನಿಫೋಲ್ಡ್, ಅದರ ಒಳಗೆ ಒತ್ತಡ ತುಂಬ ಕಡಿಮೆ ಇರುತ್ತದೆ. ಆದ್ದರಿಂದ ಕಾರ್ಬುರೇಟರ್‌ನಲ್ಲಿ ಗಾಳಿಗೆ ಬಾಗಿಲಾಗಿರುವ ಬಟರ್‌ಫ್ಲೈ ತಟ್ಟೆಯ ಸಂದಿಯಲ್ಲಿ ಗಾಳಿ ಶಬ್ದದ ವೇಗದಲ್ಲಿ ನುಗ್ಗುತ್ತದೆ. ಆ ವೇಗದಲ್ಲಿ ಅಷ್ಟು ಗಾಳಿ ಒಳಹೋಗಲು ಎಷ್ಟು ದೊಡ್ಡ ತೂತು ಬೇಕು? ಐದಾರು ಮಿಲಿಮೀಟರ್ ಅಗಲದ್ದು ಒಂದಿದ್ದರೆ ಸಾಕು. ಪೆನ್ಸಿಲ್ ಕೂಡ ತೂರದಂಥದ್ದು. ನನ್ನ ಎರಡು ಕಾರ್ಬುರೇಟರ್‌ಗಳ ಬಾಯಿ ತಲಾ 38 ಮಿಲಿಮೀಟರ್. ಆ ಎರಡು ಬಾಯಿಗಳ ಒಟ್ಟು ಜಾಗದಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೆ ಐಡ್ಲಿಂಗ್ ಆಗಿಹೋಯಿತು.

ಈಗ ಯೋಚನೆ ಮಾಡಿ. ಎಲ್ಲೋ ಒಂದು ಕಡೆ 3 ಮಿಲಿಮೀಟರ್ ಒಳ ಅಗಲದ ರಬ್ಬರ್ ಪೈಪ್ ಕಳಚಿದೆ. ನೋಡಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಇಂಜಿನ್‌ಗೆ ಬೇಕಾದ ಗಾಳಿಯ ಕಾಲು ಭಾಗದಷ್ಟು ಸುಮ್ನೆ ಹೆಚ್ಚುವರಿಯಾಗಿ ಒಳಗೆ ಬರುತ್ತಿದೆ. ಸ್ಕ್ರೂ ಕೆಲಸ ಬಾಗಿಲು ಎಷ್ಟು ತೆರೆದಿರಬೇಕು ಅಂತ ಹೇಳುವುದು ಮಾತ್ರ. ಗೋಡೆಯಲ್ಲಿ ಕಿಂಡಿ ಬಿದ್ದಿದ್ದರೆ ಬಾಗಿಲು ಎಳೆದುಕೊಂಡು ಏನು ಪ್ರಯೋಜನ?

ಅದಕ್ಕೇ ನನ್ನ ಮೊದಲ ಪರೀಕ್ಷೆಯಲ್ಲಿ ಸ್ಕ್ರೂ ತಿರುಗಿಸುವುದು ಐಡ್ಲಿಂಗ್ ಸರಿ ಮಾಡಲಿಕ್ಕಲ್ಲ. ಪ್ರಶ್ನೆ ಕೇಳಲಿಕ್ಕೆ. ಸ್ಕ್ರೂ ಈಗ ಎಲ್ಲಿದೆ ಅಂತ ಗುರುತು ಮಾಡಿ, ಎಷ್ಟು ಸುತ್ತು ಬಿಚ್ಚಿದಿರಿ ಅಂತ ಬರೆದಿಡಿ. ಆಮೇಲೆ ಅದು ತಟ್ಟೆ ತಿರುಗಿಸುವ ಥ್ರಾಟಲ್ ಲಿವರ್ ಮುಟ್ಟದಷ್ಟು ಪೂರ್ತಿ ಹಿಂದಕ್ಕೆ ಬಿಚ್ಚಿ. ಎರಡು ಕಾರ್ಬುರೇಟರ್ ಇದ್ದರೆ ಎರಡರಲ್ಲೂ. ಇಂಜಿನ್ ಸಾಯಬೇಕು. ಸತ್ತರೆ ಒಳ್ಳೆಯ ಸುದ್ದಿ. ಬಾಗಿಲು ಮುಚ್ಚುತ್ತಿದೆ, ಗೋಡೆಯಲ್ಲಿ ದೊಡ್ಡ ಕಿಂಡಿಯೂ ಇಲ್ಲ. ಸಾಯದೆ ಸಾವಿರದಲ್ಲಿ ಓಡುತ್ತಲೇ ಇದ್ದರೆ ಬೇರೆ ಎಲ್ಲಿಂದಲೋ ಉಸಿರಾಡುತ್ತಿದೆ ಅಂತ ಅರ್ಥ.

ಎಲ್ಲಿಂದ? ಇನ್ನೊಂದು ಪರೀಕ್ಷೆ. ಏರ್ ಫಿಲ್ಟರ್ ತೆಗೆದು, ಒಂದು ಚಪ್ಪಟೆ ಮರದ ತುಂಡಿನಿಂದ ಕಾರ್ಬುರೇಟರ್ ಬಾಯಿ ಒಂದೆರಡು ಕ್ಷಣ ಮುಚ್ಚಿ. ಅಂಗೈ ಇಡಬೇಡಿ, ಇಂಜಿನ್ ಹಿಂದಕ್ಕೆ ಸಿಡಿದರೆ ಸುಡುತ್ತದೆ. ಬಾಯಿ ಮುಚ್ಚಿದ ಕೂಡಲೇ ನಿಂತರೆ ಗಾಳಿ ಕಾರ್ಬುರೇಟರ್ ಬಾಯಿಯಿಂದಲೇ ಹೋಗುತ್ತಿತ್ತು. ಅಂದರೆ ತಟ್ಟೆ ಸರಿಯಾಗಿ ಮುಚ್ಚುತ್ತಿಲ್ಲ. ಬಾಯಿ ಮುಚ್ಚಿದರೂ ತಡವರಿಸುತ್ತಾ ಓಡಿದರೆ ತಟ್ಟೆಯಿಂದ ಆಚೆ ಎಲ್ಲೋ ಲೀಕ್ ಇದೆ. ಇವೆರಡು ಪರೀಕ್ಷೆಗೆ ಹತ್ತು ನಿಮಿಷ ಸಾಕು. ನಾನು ಮಾಡದೆ ಬಿಟ್ಟು ಎರಡು ಕಾರ್ಬುರೇಟರ್ ರಿಪೇರಿ ಮಾಡಿಸಿದವನು. ಆದ್ದರಿಂದ ಸ್ವಲ್ಪ ಜೋರಾಗೇ ಹೇಳುತ್ತಿದ್ದೇನೆ.

ತಟ್ಟೆ ಮುಚ್ಚುತ್ತಿಲ್ಲ ಅಂದರೆ ಮೊದಲು ಬೆರಳಿನಿಂದ ಥ್ರಾಟಲ್ ಲಿವರನ್ನು ಮುಚ್ಚುವ ಕಡೆಗೆ ಒತ್ತಿ ನೋಡಿ. ಆರ್‌ಪಿಎಂ ಇಳಿಯಿತಾ? ಹಾಗಾದರೆ ಸ್ಪ್ರಿಂಗ್ ಸಡಿಲ ಅಥವಾ ಯಾವುದೋ ಎಳೆದು ಹಿಡಿದಿದೆ. ಆಕ್ಸಲರೇಟರ್ ಕೇಬಲ್ ಬಿಚ್ಚಿ. ತಣ್ಣಗಿನ ಇಂಜಿನ್ ಶುರು ಮಾಡಲು ಎಳೆಯುವ ಚೋಕ್, ಅದರ ಕೇಬಲ್ ಬಿಚ್ಚಿ. ಚೋಕ್ ಬಗ್ಗೆ ಜನ ಮರೆಯುವ ಒಂದು ವಿಷಯ ಇದೆ. ಅದು ಪೆಟ್ರೋಲ್ ಜಾಸ್ತಿ ಮಾಡುವುದಷ್ಟೇ ಅಲ್ಲ, ಕ್ಯಾಮ್ ಅನ್ನುವ ಒಂದು ಉಬ್ಬು ತುಂಡನ್ನು ತಿರುಗಿಸಿ ಥ್ರಾಟಲನ್ನೂ ಸ್ವಲ್ಪ ತೆರೆಯುತ್ತದೆ. ನಾಬ್ ಪೂರ್ತಿ ಒಳಗಿದ್ದರೂ ಕೇಬಲ್ ಬಿಗಿಯಾಗಿದ್ದರೆ ಕ್ಯಾಮ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಕೇಬಲ್‌ನಲ್ಲಿ ಒಂದೆರಡು ಮಿಲಿಮೀಟರ್ ಸಡಿಲು ಇರಬೇಕು, ಕ್ಯಾಮ್‌ಗೂ ಅದರ ಸ್ಕ್ರೂಗೂ ನಡುವೆ ಕಣ್ಣಿಗೆ ಕಾಣುವ ಸಂದಿ ಇರಬೇಕು. ಎರಡು ಕಾರ್ಬುರೇಟರ್ ಇದ್ದವರು ಅವೆರಡನ್ನೂ ಜೋಡಿಸುವ ರಾಡ್‌ನ ಕ್ಲ್ಯಾಂಪ್ ಸಡಿಲಿಸಿ ನೋಡಿ. ಮುಂದಿನದು ಮುಚ್ಚಬೇಕೆಂದರೂ ಹಿಂದಿನದು ಬಿಡುತ್ತಿರುವುದಿಲ್ಲ. ಜೋಡೆತ್ತಿನ ಹಾಗೆ, ಒಂದು ನಿಂತರೆ ಇನ್ನೊಂದನ್ನೂ ಎಳೆದುಕೊಂಡು ನಿಲ್ಲುತ್ತದೆ.

ಇದೆಲ್ಲ ಬಿಚ್ಚಿಟ್ಟ ಮೇಲೂ ಗಾಳಿ ಹೋಗುತ್ತಿದ್ದರೆ ತಟ್ಟೆಯನ್ನೇ ನೋಡಬೇಕು. ಕಾರ್ಬುರೇಟರ್ ಇಳಿಸಿ, ಥ್ರಾಟಲ್ ಪೂರ್ತಿ ಮುಚ್ಚಿ, ಹಿಂದಿನಿಂದ ಬೆಳಕು ಬಿಡಿ. ತಟ್ಟೆಯ ಸುತ್ತ ಒಂದೇ ಸಮನಾಗಿ ಕೂದಲೆಳೆಯಷ್ಟು ಬೆಳಕು ಕಂಡರೆ ಸರಿ. ಒಂದು ಕಡೆ ಚಂದ್ರನ ಹಾಗೆ ಕಂಡರೆ ತಟ್ಟೆ ಓರೆಯಾಗಿ ಕೂತಿದೆ. ಅದರ ಎರಡು ಸ್ಕ್ರೂ ಸಡಿಲಿಸಿ, ಥ್ರಾಟಲನ್ನು ಒಂದೆರಡು ಸಲ ಟಪ್ಪೆಂದು ಮುಚ್ಚಿದರೆ ತಟ್ಟೆ ತಾನೇ ನಡುವಿಗೆ ಬರುತ್ತದೆ. ಹಾಗೇ ಹಿಡಿದು ಬಿಗಿ ಮಾಡಿ. ಎಸ್‌ಯು ಕಾರ್ಬುರೇಟರ್‌ನಲ್ಲಿ ಆ ಸ್ಕ್ರೂಗಳ ತುದಿ ಸೀಳಿರುತ್ತದೆ. ಬಿಗಿ ಮಾಡಿದ ಮೇಲೆ ಸೀಳನ್ನು ಅಗಲಿಸಲೇಬೇಕು. ಇಲ್ಲದಿದ್ದರೆ ಅದು ಒಂದು ದಿನ ಕಳಚಿ ನೇರ ಇಂಜಿನ್ ಹೊಟ್ಟೆಗೆ ಹೋಗುತ್ತದೆ.

ಕೆಲವು ಎಸ್‌ಯು ತಟ್ಟೆಗಳ ಮೇಲೆ ಸ್ಪ್ರಿಂಗ್ ಇರುವ ಒಂದು ಪುಟ್ಟ ವಾಲ್ವ್ ಕಾಣುತ್ತದೆ. 1960ರ ದಶಕದ ಕೊನೆಗೆ ಹೊಗೆಯ ನಿಯಮಗಳು ಬಂದಾಗ ಸೇರಿಕೊಂಡದ್ದು ಅದು. ವೇಗದಲ್ಲಿ ಹೋಗುತ್ತಾ ಕಾಲು ತೆಗೆದಾಗ ಮ್ಯಾನಿಫೋಲ್ಡ್‌ನಲ್ಲಿ ಎಳೆತ ವಿಪರೀತ ಏರುತ್ತದೆ. ಪೆಟ್ರೋಲ್ ಸರಿಯಾಗಿ ಉರಿಯದೆ ಹೊರಬೀಳುತ್ತದೆ. ಆಗ ಈ ವಾಲ್ವ್ ತೆರೆದು ಸ್ವಲ್ಪ ಗಾಳಿ, ಪೆಟ್ರೋಲ್ ಒಳಗೆ ಬಿಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಸ್ಪ್ರಿಂಗ್‌ಗೆ ವಯಸ್ಸಾದ ಮೇಲೆ ಅದು ಐಡ್ಲಿಂಗ್‌ನ ಎಳೆತಕ್ಕೇ ತೆರೆದುಕೊಳ್ಳುತ್ತದೆ. ಬಹಳ ಜನ ವಾಲ್ವ್ ಇಲ್ಲದ ಸಾದಾ ತಟ್ಟೆ ಹಾಕುತ್ತಾರೆ, ಇಲ್ಲವೇ ಬೆಸುಗೆ ಹಾಕಿ ಮುಚ್ಚುತ್ತಾರೆ. ಸ್ಟ್ರಾಂಬರ್ಗ್ ಕಾರ್ಬುರೇಟರ್ ಇದ್ದವರಿಗೆ ಇದರ ದಾಯಾದಿ ಪಕ್ಕದಲ್ಲೇ ಇರುತ್ತದೆ, ಬೈಪಾಸ್ ವಾಲ್ವ್ ಅಂತ. ಜೊತೆಗೆ ಬಿಸಿಗೆ ಬಾಗುವ ಪಟ್ಟಿಯೊಂದರ ಮೇಲೆ ನಡೆಯುವ ಇನ್ನೊಂದು ಪುಟ್ಟ ಗಾಳಿ ವಾಲ್ವ್. ಎರಡೂ ತೆರೆದು ಸಿಕ್ಕಿಕೊಳ್ಳುವುದರಲ್ಲಿ ನಿಸ್ಸೀಮರು.

ಅಂದ ಹಾಗೆ, ಎಸ್‌ಯು ಅಂದರೆ ಸ್ಕಿನ್ನರ್ ಯೂನಿಯನ್. ಚಪ್ಪಲಿ ಬೂಟಿನ ವ್ಯಾಪಾರದ ಮನೆತನದ ಅಣ್ಣತಮ್ಮಂದಿರು ಶುರು ಮಾಡಿದ್ದು. ಮೊದಲ ಕಾರ್ಬುರೇಟರ್‌ಗಳಲ್ಲಿ, ಈಗ ಒಳಗೆ ಏರಿ ಇಳಿಯುವ ಪಿಸ್ಟನ್ ಇರಲಿಲ್ಲ. ಅದರ ಜಾಗದಲ್ಲಿ ಚರ್ಮದ ತಿದಿ ಇತ್ತು! ಚರ್ಮ ಗೊತ್ತಿದ್ದವರು ಚರ್ಮದಲ್ಲೇ ಯೋಚಿಸಿದರು ಅನ್ನಿಸುತ್ತದೆ. ಐಡ್ಲಿಂಗ್‌ಗೂ ಇದಕ್ಕೂ ಸಂಬಂಧ ಇಲ್ಲ, ಹೇಳಬೇಕು ಅನ್ನಿಸಿತು, ಹೇಳಿದೆ.

ತಟ್ಟೆ ಕೂತಿರುವ ಕಡ್ಡಿ, ಅಂದರೆ ಸ್ಪಿಂಡಲ್, ಸವೆದಿರುವುದು ತುಂಬ ಸಾಮಾನ್ಯ. ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಅಲ್ಲಿಂದ ಗಾಳಿ ಎಳೆಯುತ್ತದೆ. ಅದರ ಗುರುತು ಬರೀ ಜಾಸ್ತಿ ಐಡ್ಲಿಂಗ್ ಅಲ್ಲ. ಪ್ರತಿ ಸಲ ಬೇರೆ ಬೇರೆ ಐಡ್ಲಿಂಗ್. ಒಂದು ಸಿಗ್ನಲ್‌ನಲ್ಲಿ 900, ಮುಂದಿನದರಲ್ಲಿ 1200. ಸ್ಪಿಂಡಲ್ ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತಿರುತ್ತದೆ. ಇದಕ್ಕೆ ಹೊಸ ಸ್ಪಿಂಡಲ್, ಹೊಸ ಬುಶ್. ಅದು ಲೇತ್ ಇರುವವರ ಕೆಲಸ, ಮನೆಯದಲ್ಲ.

ಇನ್ನು ಗೋಡೆಯ ಕಿಂಡಿಗಳು. ರಬ್ಬರ್ ಪೈಪ್‌ಗಳಿಂದ ಶುರು ಮಾಡಿ, ಯಾಕೆಂದರೆ ಅದು ಸುಲಭ. ಇಂಜಿನ್ ಓಡುತ್ತಿರುವಾಗ ಬ್ರೇಕ್ ಬೂಸ್ಟರ್ ಪೈಪನ್ನು ಮೆತ್ತಗೆ ಅದುಮಿ ಮುಚ್ಚಿ. ಐಡ್ಲಿಂಗ್ ಬದಲಾಯಿತಾ? ಹಾಗಾದರೆ ಬೂಸ್ಟರ್ ಒಳಗಿನ ರಬ್ಬರ್ ಪೊರೆ ಹರಿದಿರಬಹುದು, ಅದು ಐಡ್ಲಿಂಗ್ ಮಾತಲ್ಲ, ಬ್ರೇಕಿನ ಮಾತು, ಅವತ್ತೇ ನೋಡಿಸಿ. ಆಮೇಲೆ ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನ್‌ನ ಎಣ್ಣೆ ಇರುವ ಕೆಳಭಾಗ, ಅದರ ಹೊಗೆ ಎಳೆಯುವ ಪೈಪ್. ಅದರ ವಾಲ್ವ್‌ನೊಳಗಿನ ರಬ್ಬರ್ ಹರಿದಿದ್ದರೆ ಇಂಜಿನ್ ತನ್ನ ಕ್ರ್ಯಾಂಕ್‌ಕೇಸಿನಿಂದಲೇ ಗಾಳಿ ಕುಡಿಯುತ್ತಿರುತ್ತದೆ. ಎಣ್ಣೆ ಹಾಕುವ ಮುಚ್ಚಳ ಎತ್ತಿದಾಗ ಐಡ್ಲಿಂಗ್ ತುಂಬ ಬದಲಾದರೆ ಅದರ ಮೇಲೆ ಕಣ್ಣಿಡಿ.

ಜೋಡಣೆಗಳ ನಡುವಿನ ಪಟ್ಟಿ, ಅಂದರೆ ಗ್ಯಾಸ್ಕೆಟ್, ಅದರ ಲೀಕ್ ಹುಡುಕಲು ಎಲ್ಲರೂ ಮಾಡುವುದು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ. ಲೀಕ್ ಇರುವ ಜಾಗಕ್ಕೆ ಬಿದ್ದ ಕೂಡಲೇ ಇಂಜಿನ್ ಸದ್ದು ಬದಲಾಗುತ್ತದೆ. ಕೆಲಸ ಮಾಡುತ್ತದೆ, ನಿಜ. ಆದರೆ ನಮ್ಮ ಬಹಳಷ್ಟು ಕಾರುಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬುರೇಟರ್ ಕೆಳಗೇ ಇದೆ, ಕಾದ ಕಾವಲಿಯ ಹಾಗೆ. ಅದರ ಮೇಲೆ ಹೊತ್ತಿಕೊಳ್ಳುವ ದ್ರವ ಎರಚುವುದು ನನಗೆ ಸರಿ ಕಾಣುವುದಿಲ್ಲ. ನಾನು ಮೊದಲು ಗಿಡಕ್ಕೆ ಸಿಂಪಡಿಸುವ ಬಾಟಲಿಯಲ್ಲಿ ನೀರು ಬಳಸುತ್ತೇನೆ. ಸ್ವಲ್ಪ ನಿಧಾನ, ಆದರೂ ಸಿಗುತ್ತದೆ. ಇನ್ನೊಂದು ಉಪಾಯ, ಒಂದು ಗಜ ರಬ್ಬರ್ ಪೈಪ್. ಒಂದು ತುದಿ ಕಿವಿಗೆ, ಇನ್ನೊಂದು ಗ್ಯಾಸ್ಕೆಟ್ ಅಂಚಿಗೆ. ಲೀಕ್ ಹಾವಿನ ಹಾಗೆ ಬುಸುಗುಡುವುದು ಕೇಳಿಸುತ್ತದೆ. ಫ್ಯಾನ್ ಕಡೆ ಗಮನ ಇರಲಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿಕೊಂಡು ಇದನ್ನೆಲ್ಲ ಮಾಡಬೇಡಿ, ಆ ಹೊಗೆ ಕೊಲ್ಲುತ್ತದೆ.

ಇಲ್ಲೊಂದು ಒಗಟು ಇದೆ. ಲೀಕ್ ಆದರೆ ಬರುವುದು ಬರೀ ಗಾಳಿ, ಪೆಟ್ರೋಲ್ ಅಲ್ಲ. ಹಾಗಾದರೆ ಇಂಜಿನ್ ಬಡಕಲಾಗಿ ತಡವರಿಸಬೇಕು, ಜಾಸ್ತಿ ಯಾಕೆ ಓಡುತ್ತದೆ? ಸಣ್ಣ ಲೀಕ್ ಆದರೆ ಓಡುತ್ತದೆ, ಯಾಕೆಂದರೆ ಐಡ್ಲಿಂಗ್‌ನಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಇರುತ್ತದೆ. ದೊಡ್ಡ ಲೀಕ್ ಇದ್ದೂ ನುಣ್ಣಗೆ ಓಡುತ್ತಿದ್ದರೆ ಹಿಂದೆ ಯಾರೋ ಮಿಕ್ಸ್‌ಚರ್‌ನಲ್ಲಿ ಪೆಟ್ರೋಲ್ ಪಾಲು ಏರಿಸಿ ಲೀಕನ್ನು ಮುಚ್ಚಿಟ್ಟಿದ್ದಾರೆ. ಅಂಥ ಕಾರಿನಲ್ಲಿ ಗ್ಯಾಸ್ಕೆಟ್ ಬದಲಾಯಿಸಿದ ದಿನ ಕಪ್ಪು ಹೊಗೆ ಬರುತ್ತದೆ. ಹೆದರಬೇಡಿ. ಮಿಕ್ಸ್‌ಚರ್ ಕೊನೆಗೆ ನೋಡುವುದು. ಎಸ್‌ಯುನಲ್ಲಿ ಪಿಸ್ಟನನ್ನು ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಎತ್ತಿ. ಆರ್‌ಪಿಎಂ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ, ಇಂಜಿನ್ ಸತ್ತರೆ ಕಡಿಮೆ, ಒಂದು ಕ್ಷಣ ಏರಿ ಮತ್ತೆ ಕೂತರೆ ಸರಿ.

ಈಗ ನನ್ನ ಕಾರಿನ ಕಥೆಗೆ ಬರೋಣ. ಕೊನೆಗೆ ಆ ಎರಡು ಪರೀಕ್ಷೆ ಮಾಡಿದೆ. ಸ್ಕ್ರೂ ಬಿಚ್ಚಿದರೆ ಇಂಜಿನ್ ಸಾಯುತ್ತಿತ್ತು. ಅಂದರೆ ಕಿಂಡಿ ಇಲ್ಲ, ಬಾಗಿಲು ಸರಿಯಾಗಿದೆ. ಆದರೂ 1400. ತಲೆ ಕೆರೆದುಕೊಂಡು ಕೂತೆ. ಬೇರೇನೂ ತೋಚದೆ, ಕಿಡಿ ಯಾವಾಗ ಹಾರುತ್ತದೆ ಅಂತ ತೋರಿಸುವ ಟೈಮಿಂಗ್ ಲೈಟ್ ಹಚ್ಚಿದೆ. ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಕಿತ್ತು ಅದರ ಬಾಯಿ ಮುಚ್ಚಿದೆ. ಇಂಜಿನ್ 1400ರಿಂದ ಸರ್ರನೆ 900ಕ್ಕೆ ಇಳಿಯಿತು!

ಆ ಪೈಪ್ ಗಾಳಿ ಎಳೆಯುತ್ತಿರಲಿಲ್ಲ. ಅದು ಕಿಡಿಯನ್ನು ಬೇಗ ಹಾರಿಸುತ್ತಿತ್ತು. ಕಾರ್ಬುರೇಟರ್‌ನಲ್ಲಿ ಅದರ ತೂತು ಬಟರ್‌ಫ್ಲೈ ತಟ್ಟೆಯ ಅಂಚಿಗೆ ಸ್ವಲ್ಪ ಈಚೆ, ಗಾಳಿ ಬರುವ ಕಡೆಗೆ ಇರುತ್ತದೆ. ತಟ್ಟೆ ಮುಚ್ಚಿದ್ದಾಗ ಅದಕ್ಕೆ ಎಳೆತ ಸಿಗುವುದಿಲ್ಲ. ಪೆಡಲ್ ಸ್ವಲ್ಪ ಒತ್ತಿದಾಗ ತಟ್ಟೆಯ ಅಂಚು ತೂತನ್ನು ದಾಟುತ್ತದೆ, ಆಗ ಎಳೆತ ಶುರುವಾಗಿ ಕಿಡಿ ಇನ್ನೂ ಬೇಗ ಹಾರುತ್ತದೆ. ನಾನು ಸ್ಕ್ರೂ ಎಷ್ಟು ಏರಿಸಿದ್ದೆ ಅಂದರೆ ನಿಂತಲ್ಲೇ ಅಂಚು ತೂತು ದಾಟಿತ್ತು. ಕಿಡಿ ಬೇಗ ಹಾರಿತು. ಅದೇ ಗಾಳಿಯಿಂದ ಜಾಸ್ತಿ ಶಕ್ತಿ ಬಂತು, ಆರ್‌ಪಿಎಂ ಏರಿತು. ಆರ್‌ಪಿಎಂ ಏರಿದ್ದಕ್ಕೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಹೊರಚಿಮ್ಮಿ ಕಿಡಿಯನ್ನು ಇನ್ನೂ ಬೇಗ ಹಾರಿಸಿದವು. ಅದಕ್ಕೇ 1400 ಅಥವಾ ಸಾವು, ನಡುವೆ ಏನೂ ಇಲ್ಲ.

ಹಾಗಾದರೆ ಸ್ಕ್ರೂ ಯಾಕೆ ಏರಿಸಿದ್ದೆ? ಕೆಲವು ತಿಂಗಳ ಹಿಂದೆ ಐಡ್ಲಿಂಗ್ ಕಡಿಮೆಯಾಗಿ ಕಾರು ಸಿಗ್ನಲ್‌ಗಳಲ್ಲಿ ನಿಲ್ಲುತ್ತಿತ್ತು. ಪ್ರತಿ ಸಲ ಕಾಲು ಸುತ್ತು ಏರಿಸುತ್ತಾ ಬಂದೆ. ಅದು ಯಾಕೆ ನಿಲ್ಲುತ್ತಿತ್ತು? ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಕಿಡಿ ಹಾರಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟ್ ಪಾಯಿಂಟು, ಅದರ ಹಿಮ್ಮಡಿ ಸವೆದು ಗ್ಯಾಪ್ ಕಮ್ಮಿಯಾಗಿತ್ತು. ಗ್ಯಾಪ್ ಕಮ್ಮಿಯಾದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿ ತಡವಾಗುತ್ತದೆ, ಇಂಜಿನ್ ಸೊರಗುತ್ತದೆ. ಗ್ಯಾಪ್ 0.38 ಮಿಲಿಮೀಟರ್‌ಗೆ ತಂದು, ಟೈಮಿಂಗ್ ಸರಿ ಮಾಡಿ, ಸ್ಕ್ರೂ ಒಂದೂವರೆ ಸುತ್ತು ಇಳಿಸಿದೆ. 800ಕ್ಕೆ ಬಂದು ಕೂತಿತು. ಕಾಯಿಲೆ ಪಾಯಿಂಟಿನದು, ಕಾಯಿಲೆಯ ಮೇಲೆ ಕಾಯಿಲೆ ಮಾಡಿದ್ದು ನನ್ನ ಸ್ಕ್ರೂಡ್ರೈವರ್.

ಆಮೇಲೆ ಕೆಲವರು ಪ್ರಶ್ನೆ ಕೇಳಿದರು. ನೆನಪಿರುವಷ್ಟು ಬರೆಯುತ್ತೇನೆ.

‘ರೇಸ್ ಮಾಡಿ ಬಿಟ್ಟರೆ ಕೂಡಲೇ ಇಳಿಯುವುದಿಲ್ಲ ಸಾರ್, ಅರ್ಧ ನಿಮಿಷ ತೇಲುತ್ತದೆ, ಆಮೇಲೆ ಇಳಿಯುತ್ತದೆ.’ ಎರಡು ಜಾಗ ನೋಡಿ. ಒಂದು, ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು. ಗ್ರೀಸ್ ಒಣಗಿ ಅಂಟಿರುತ್ತವೆ ಅಥವಾ ಸ್ಪ್ರಿಂಗ್ ಸಡಿಲವಾಗಿರುತ್ತದೆ. ಡಿಸ್ಟ್ರಿಬ್ಯೂಟರ್ ನಡುವೆ ತಿರುಗುವ ರೋಟರನ್ನು ಕೈಯಲ್ಲಿ ತಿರುವಿ ಬಿಡಿ. ಟಕ್ಕೆಂದು ವಾಪಸ್ ಬರಬೇಕು. ಎರಡು, ಮಿಕ್ಸ್‌ಚರ್‌ನಲ್ಲಿ ಪೆಟ್ರೋಲ್ ಕಡಿಮೆ ಇರುವುದು.

‘ನಂದು ಆಟೋಮ್ಯಾಟಿಕ್ ಚೋಕ್. ಬಿಸಿಯಾದರೂ ಇಳಿಯುವುದಿಲ್ಲ.’ ಪೆಡಲ್ ಒಂದು ಸಲ ತಟ್ಟಿ ನೋಡಿ, ಕ್ಯಾಮ್ ಮೆಟ್ಟಿಲಿಂದ ಇಳಿಯಲು ಅದಕ್ಕೆ ಆ ತಟ್ಟು ಬೇಕು. ತಟ್ಟಿದರೂ ಇಳಿಯದಿದ್ದರೆ ಚೋಕಿನ ಕರೆಂಟ್ ವೈರ್ ಕಳಚಿದೆಯಾ ನೋಡಿ. ಒಳಗಿನ ಸುರುಳಿ ಬಿಸಿಯಾಗದಿದ್ದರೆ ಇಂಜಿನ್ ಇನ್ನೂ ತಣ್ಣಗಿದೆ ಅಂತಲೇ ಅದು ನಂಬಿಕೊಂಡಿರುತ್ತದೆ.

ವೆಬರ್ ಡಿಸಿಒಇ ಕಾರ್ಬುರೇಟರ್ ಇರುವವರೊಬ್ಬರು ಲೀಕ್ ನಿಲ್ಲಲಿ ಅಂತ ಮ್ಯಾನಿಫೋಲ್ಡ್ ನಟ್ಟುಗಳನ್ನು ಪೂರ್ತಿ ಬಿಗಿ ಮಾಡಿದ್ದರಂತೆ. ಅದು ಉಲ್ಟಾ ಆಗುತ್ತದೆ. ಆ ಕಾರ್ಬುರೇಟರ್ ರಬ್ಬರ್ ರಿಂಗಿನ ಮೇಲೆ ಸ್ವಲ್ಪ ಅಲುಗಾಡುವ ಹಾಗೆ ಕೂರಬೇಕು. ಸ್ಪ್ರಿಂಗ್ ವಾಷರಿನ ಸುರುಳಿಗಳ ನಡುವೆ ಒಂದು ಮಿಲಿಮೀಟರ್ ಸಂದಿ ಉಳಿಯಬೇಕು. ಪೂರ್ತಿ ಅದುಮಿದರೆ ರಿಂಗ್ ನಜ್ಜಾಗಿ ಗಾಳಿ ಎಳೆಯುತ್ತದೆ, ನಡುಕಕ್ಕೆ ಪೆಟ್ರೋಲ್ ನೊರೆಯೂ ಬರುತ್ತದೆ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು, ‘ಆ ಗ್ಯಾರೇಜಿನವರಿಗೆ ಹೋಗಿ ಹೇಳಿದಿರಾ, ಕಾರ್ಬುರೇಟರ್ ತಪ್ಪಲ್ಲ ಅಂತ?’ ಅಂದರು.

ಹೇಳಿದೆ. ‘ಹೇಗಿದ್ರೂ ಕಾರ್ಬುರೇಟರ್ ಹೊಸದಾಯ್ತಲ್ವಾ ಸಾರ್’ ಅಂದರು.